ಮುಕ್ಕಾಲು ಪಾಲಿನ ಲೆಕ್ಕ



ಶಾಲೆಯ ಬೀಜಗಣಿತ ತೋಟದ ಲೆಕ್ಕಕ್ಕೂ ಬರುತ್ತದೆ. ಪದವೀಧರನಾದ ನಾನೇ ಒಮ್ಮೆ ಅದರಲ್ಲಿ ಎಡವಿದೆ.

ಕಣದಲ್ಲಿ ಒಣಗಿದ ಚೆರ್ರಿ ಕಾಫಿಯನ್ನು ನಾಲ್ಕು ಸಮಪಾಲು ಮಾಡಿ ಮೂರನ್ನು ಲಾರಿಗೆ ಹೇರಿಸಿದೆ. ಜೊತೆಗೆ ನೆರೆಯವರ 2½ ಕ್ವಿಂಟಲ್ ಸಹ ಹೋಯಿತು. ತೂಕದ ಚೀಟಿಯಲ್ಲಿ ಒಟ್ಟು 17½ ಕ್ವಿಂಟಲ್. ನನ್ನ ಪೂರ್ತಿ ಫಸಲನ್ನು ‘ಕ’ ಎಂದಿಟ್ಟುಕೊಂಡರೆ:

¾ ಕ + 2½ = 17½

ಛೇದ ಹೋಗಲೆಂದು 4ರಿಂದ ಗುಣಿಸಿದೆ. ಆದರೆ 2½ನ್ನು ಹಾಗೆಯೇ ಬಿಟ್ಟೆ. 3ಕ + 2½ = 70 ಆಗಿ, ಕ = 22½ ಬಂತು. ಹಾಗಾದರೆ ಉಳಿದ ಕಾಲುಪಾಲು 5⅝ ಕ್ವಿಂಟಲ್ ಇರಬೇಕು. ತೂಗಿದರೆ ಐದೇ! 62½ ಕಿಲೋ ಎಲ್ಲಿ ಹೋಯಿತೆಂದು ಕಣದ ಕಾವಲುಗಾರನನ್ನು ಗದರಿದೆ.

ಸರಿಯಾದ ಕ್ರಮ ಹೀಗೆ: ಮೊದಲು ಮಿಶ್ರ ಭಿನ್ನರಾಶಿಗಳನ್ನು ವಿಷಮ ಭಿನ್ನರಾಶಿಗಳಾಗಿ ಬರೆಯಿರಿ. 2½ = 5/2; 17½ = 35/2. ಛೇದಗಳ ಲ.ಸಾ.ಅ. 4. ಸಮೀಕರಣವು ತಕ್ಕಡಿಯಿದ್ದಂತೆ, ಒಂದು ಪದ ಬಿಟ್ಟರೂ ವಾಲುತ್ತದೆ. ಆದ್ದರಿಂದ ಪ್ರತಿಯೊಂದು ಪದವನ್ನೂ 4ರಿಂದ ಗುಣಿಸಿರಿ:

3ಕ + 10 = 70
3ಕ = 60
ಕ = 20

ತಾಳೆ ನೋಡಿ: 20ರ ಮುಕ್ಕಾಲು 15, ಅದಕ್ಕೆ 2½ ಕೂಡಿಸಿದರೆ 17½. ಉಳಿದದ್ದು ಐದು.

ಕಾವಲುಗಾರನ ಕ್ಷಮೆ ಕೇಳಿದೆ. ಲೆಕ್ಕ ತಾಳೆ ನೋಡದೆ ಯಾರನ್ನೂ ದೂರಬಾರದೆಂದು ಸದಸ್ಯರಲ್ಲಿ ವಿನಂತಿ.

– ಕಾರ್ಯದರ್ಶಿ