ಬ್ರೆಜಿಲ್ ಎಲ್ಲಿದೆ, ಫಡ್ಕೆ ರೋಡ್ ಎಲ್ಲಿದೆ: ಭೂಗೋಳದ ಪುಸ್ತಕ ಹಿಡಿದು ಇಂಗ್ಲಿಷ್ ಕಲಿಯುವ ಬಗೆ

ಡೊಂಬಿವಲಿಯಲ್ಲಿ ದಾರಿ ಕೇಳಲು ಇಂಗ್ಲಿಷ್ ಬೇಕಿಲ್ಲ. ಸ್ಟೇಷನ್ ಹೊರಗೆ ನಿಂತು ಮರಾಠಿಯಲ್ಲೋ ಹಿಂದಿಯಲ್ಲೋ ಒಂದು ಮಾತು ಕೇಳಿದರೆ ಸಾಕು, ರಿಕ್ಷಾದವರೋ ಹೂವಿನವರೋ ಹೇಳಿಬಿಡುತ್ತಾರೆ. ಇಂಗ್ಲಿಷ್ ಬೇಕಾಗುವ ಜಾಗಗಳೇ ಬೇರೆ. ಐರೋಲಿ, ಮಹಾಪೆ ಕಡೆಯ ಆಫೀಸುಗಳ ರಿಸೆಪ್ಶನ್‌ನಲ್ಲಿ ಬೇಕು. ಇಂಟರ್‌ವ್ಯೂಗೆ ಕರೆದವರು ಫೋನಿನಲ್ಲಿ ಗಡಿಬಿಡಿಯಾಗಿ ವಿಳಾಸ ಹೇಳುವಾಗ ಬೇಕು. ಠಾಣೆಯ ದೊಡ್ಡ ಆಸ್ಪತ್ರೆಯೊಳಗೆ ಎಕ್ಸ್‌-ರೇ ಕೋಣೆ ಹುಡುಕುವಾಗ ಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಊರಿನಿಂದ ಬಂದವರು ಬಾಯಿ ಕಟ್ಟಿದಂತೆ ನಿಲ್ಲುವುದು ಇಂಥ ಕಡೆಯೇ. ಅವರಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಪದಗಳು ಗೊತ್ತಿರುತ್ತವೆ. ಅವನ್ನು ಜೋಡಿಸಿ ವಾಕ್ಯ ಮಾಡುವ ಅಭ್ಯಾಸವಿರುವುದಿಲ್ಲ, ಅಷ್ಟೇ.

ಆ ಅಭ್ಯಾಸಕ್ಕೆ ಖರ್ಚಿಲ್ಲದ ಒಂದು ದಾರಿ ಇದೆ. ಮನೆಯಲ್ಲಿ ಕುಳಿತು ದೇಶಗಳ ಬಗ್ಗೆ ಸರಳ ಸಂಗತಿಗಳನ್ನು ಇಂಗ್ಲಿಷಿನಲ್ಲಿ ಓದುವುದು, ಆಮೇಲೆ ಅದೇ ವಾಕ್ಯಗಳನ್ನು ಬೀದಿಗೆ ತಂದು ದಾರಿ ಕೇಳಲು ಬಳಸುವುದು. ದೇಶಕ್ಕೂ ಬೀದಿಗೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಎರಡೂ ಕಡೆ ಇರುವುದು ಒಂದೇ ಪ್ರಶ್ನೆ: ಯಾವುದು ಎಲ್ಲಿದೆ? ಬ್ರೆಜಿಲ್ ಎಲ್ಲಿದೆ ಎಂದು ಹೇಳಲು ಬಂದವರಿಗೆ ಬ್ಯಾಂಕ್ ಎಲ್ಲಿದೆ ಎಂದು ಹೇಳಲೂ ಬರುತ್ತದೆ. ಭಾರತದ ರಾಜಧಾನಿ ಯಾವುದೆಂದು ನಿಮಗೆ ಹೇಗೂ ಗೊತ್ತು. ವಿಷಯಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲವಾದ್ದರಿಂದ ಗಮನವೆಲ್ಲ ಭಾಷೆಯ ಮೇಲೆ ನಿಲ್ಲುತ್ತದೆ.

ಮಹಾರಾಷ್ಟ್ರದ ಕನ್ನಡಿಗರಿಗೆ ಇದರಲ್ಲಿ ಒಂದು ದೊಡ್ಡ ಅನುಕೂಲವಿದೆ. ಇಲ್ಲಿನ ಪಠ್ಯಪುಸ್ತಕಗಳನ್ನು ಹೊರತರುವ ಸಂಸ್ಥೆ ಬಾಲಭಾರತಿ. 1967ರಲ್ಲಿ ಶುರುವಾದ ಈ ಸಂಸ್ಥೆ ಪುಣೆಯಲ್ಲಿದೆ. ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡ ಮಾಧ್ಯಮದ ಪುಸ್ತಕಗಳನ್ನೂ ಅದು ಅಚ್ಚು ಹಾಕುತ್ತದೆ. ಒಂದೇ ಪಾಠ, ಒಂದೇ ನಕಾಶೆ, ಒಂದೇ ಚಿತ್ರ. ಭಾಷೆ ಮಾತ್ರ ಬೇರೆ. ಕನ್ನಡ ಪುಸ್ತಕವನ್ನು ಎಡಕ್ಕೂ ಇಂಗ್ಲಿಷ್ ಪುಸ್ತಕವನ್ನು ಬಲಕ್ಕೂ ಇಟ್ಟುಕೊಂಡರೆ ಡಿಕ್ಷನರಿ ತೆರೆಯುವ ಕೆಲಸವೇ ಕಡಿಮೆ. ಇಂಥ ಸೌಲಭ್ಯ ಕೈಗೆಟುಕುವ ಹಾಗಿದ್ದರೂ ನಮ್ಮವರು ಬಳಸುತ್ತಿಲ್ಲವಲ್ಲ ಎಂಬುದು ನನ್ನ ಕೊರಗು.

ಯಾವ ಪುಸ್ತಕ? 2018ರಲ್ಲಿ ಬಂದ ಹತ್ತನೇ ತರಗತಿಯ ಭೂಗೋಳ. ಆ ಪುಸ್ತಕದ ಉದ್ದಕ್ಕೂ ಭಾರತ ಮತ್ತು ಬ್ರೆಜಿಲ್ ದೇಶಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದ್ದಾರೆ. ಎಲ್ಲಿವೆ, ಹವೆ ಹೇಗೆ, ಜನ ಎಷ್ಟು, ಏನು ಬೆಳೆಯುತ್ತಾರೆ, ರೈಲು ರಸ್ತೆ ಹೇಗಿವೆ, ಎಲ್ಲವೂ ಅದರಲ್ಲಿದೆ. ಹತ್ತನೇ ತರಗತಿಯದು ಕಷ್ಟವಾದರೆ ಐದು, ಆರರ ಪುಸ್ತಕದಿಂದ ಶುರು ಮಾಡಿ. ಸಂಕೋಚ ಬೇಡ.

ಹೇಗೆ ಓದಬೇಕು ಎಂಬುದಕ್ಕೆ ಎರಡು ದೇಶಗಳ ನಾಲ್ಕಾರು ಸಂಗತಿಗಳನ್ನೇ ತೆಗೆದುಕೊಳ್ಳೋಣ. ‘ನ್ಯೂ ಡೆಲ್ಲಿ ಈಸ್ ದ ಕ್ಯಾಪಿಟಲ್ ಆಫ್ ಇಂಡಿಯಾ.’ ಕ್ಯಾಪಿಟಲ್ ಎಂದರೆ ರಾಜಧಾನಿ. ಈಗ ಊರಿನ ಹೆಸರೂ ದೇಶದ ಹೆಸರೂ ಬದಲಿಸಿ: ‘ಬ್ರೆಸಿಲಿಯಾ ಈಸ್ ದ ಕ್ಯಾಪಿಟಲ್ ಆಫ್ ಬ್ರೆಜಿಲ್.’ 1960ರಿಂದ ಬ್ರೆಜಿಲ್‌ಗೆ ಅದೇ ರಾಜಧಾನಿ. ‘ಬ್ರೆಜಿಲ್ ಬಿಕೇಮ್ ಇಂಡಿಪೆಂಡೆಂಟ್ ಇನ್ 1822.’ ಅಂದರೆ ಆ ವರ್ಷ ಸ್ವತಂತ್ರವಾಯಿತು. ಇಸವಿಯನ್ನು ‘ಏಟೀನ್ ಟ್ವೆಂಟಿಟೂ’ ಎಂದು ಎರಡೆರಡು ಅಂಕಿ ಸೇರಿಸಿ ಓದಿ. ನಮ್ಮದಕ್ಕೆ ಹೆಸರನ್ನೂ ಇಸವಿಯನ್ನೂ ಬದಲಿಸಿದರಾಯಿತು, 1947. ‘ಪೀಪಲ್ ಸ್ಪೀಕ್ ಪೋರ್ಚುಗೀಸ್ ದೇರ್.’ ಅಲ್ಲಿನ ಜನ ಪೋರ್ಚುಗೀಸ್ ಮಾತಾಡುತ್ತಾರೆ. ಪ್ರತಿ ವಾಕ್ಯವನ್ನೂ ಗಟ್ಟಿಯಾಗಿ ಓದಿ, ಪುಸ್ತಕ ಮುಚ್ಚಿ ಮತ್ತೆ ಹೇಳಿ. ದಿನಕ್ಕೆ ಐದು ವಾಕ್ಯ ಸಾಕು.

ಇನ್ನು ಸ್ವಲ್ಪ ನಿಧಾನಿಸಬೇಕಾದ ಜಾಗ. ‘ಕೇರಳ ಈಸ್ ಇನ್ ದ ಸೌತ್ ಆಫ್ ಇಂಡಿಯಾ.’ ‘ಶ್ರೀಲಂಕಾ ಈಸ್ ಟು ದ ಸೌತ್ ಆಫ್ ಇಂಡಿಯಾ.’ ಒಂದು ಕಡೆ ಇನ್, ಇನ್ನೊಂದು ಕಡೆ ಟು. ಕೇರಳ ಭಾರತದ ಒಳಗಿದೆ, ಅದಕ್ಕೆ ಇನ್. ಶ್ರೀಲಂಕಾ ಹೊರಗಿದೆ, ಅದಕ್ಕೆ ಟು. ನಕಾಶೆಯ ಮೇಲೆ ಬೆರಳಿಟ್ಟು ಹೇಳಿಕೊಂಡರೆ ಈ ವ್ಯತ್ಯಾಸ ಮರೆಯುವುದಿಲ್ಲ. ವ್ಯಾಕರಣದ ಪುಸ್ತಕದಲ್ಲಿ ಓದಿದರೆ ಮರುದಿನವೇ ಮರೆತುಹೋಗುತ್ತದೆ.

ಈಗ ಡೊಂಬಿವಲಿಗೆ ಬನ್ನಿ. ‘ಡೊಂಬಿವಲಿ ಈಸ್ ಬಿಟ್ವೀನ್ ಕೋಪರ್ ಅಂಡ್ ಠಾಕುರ್ಲಿ.’ ಬಿಟ್ವೀನ್ ಎಂದರೆ ನಡುವೆ. ‘ದ ಗಣೇಶ್ ಟೆಂಪಲ್ ಈಸ್ ಅಟ್ ದ ಎಂಡ್ ಆಫ್ ಫಡ್ಕೆ ರೋಡ್.’ ರಸ್ತೆಯ ಕೊನೆಯಲ್ಲಿ ಗಣೇಶ ಮಂದಿರ. ವಾಕ್ಯದ ಅಚ್ಚು ಹೆಚ್ಚು ಬದಲಾಗಿಲ್ಲ, ಗಮನಿಸಿ. ಆದರೆ ಇಲ್ಲಿನ ಈಸ್ಟ್, ವೆಸ್ಟ್ ನಕಾಶೆಯ ಪೂರ್ವ ಪಶ್ಚಿಮವಲ್ಲ, ಸ್ಟೇಷನ್ನಿನ ಎರಡು ಮಗ್ಗುಲು. ‘ಈಸ್ಟ್ ಆರ್ ವೆಸ್ಟ್?’ ಎಂದು ಯಾರಾದರೂ ಕೇಳಿದರೆ ಸೂರ್ಯನನ್ನು ನೋಡಬೇಡಿ, ಹಳಿಯ ಯಾವ ಕಡೆಗೆ ಇಳಿಯಬೇಕು ಎಂದಷ್ಟೇ ಅದರ ಅರ್ಥ.

ಕೇಳುವ ವಾಕ್ಯ ಇದು: ‘ಎಕ್ಸ್‌ಕ್ಯೂಸ್ ಮಿ, ವೇರ್ ಈಸ್ ದ ಪೋಸ್ಟ್ ಆಫೀಸ್?’ ಮೊದಲ ಎರಡು ಪದ ನಮ್ಮ ‘ಸ್ವಲ್ಪ ಕೇಳ್ತೀರಾ’ ಇದ್ದ ಹಾಗೆ, ಬಿಡಬೇಡಿ. ಇನ್ನಷ್ಟು ಮರ್ಯಾದೆಯಾಗಿ ಕೇಳಬೇಕೆಂದರೆ: ‘ಕುಡ್ ಯೂ ಟೆಲ್ ಮಿ ವೇರ್ ದ ಪೋಸ್ಟ್ ಆಫೀಸ್ ಈಸ್?’ ಇಲ್ಲಿ ಈಸ್ ಕೊನೆಗೆ ಹೋಯಿತು. ಓದಿದವರೂ ಇದರಲ್ಲಿ ಎಡವುತ್ತಾರೆ. ನಾವು ಕನ್ನಡದಲ್ಲಿ ‘ಪೋಸ್ಟ್ ಆಫೀಸ್ ಎಲ್ಲಿದೆ’ ಎನ್ನುವಾಗಲೂ ‘ಇದೆ’ ಕೊನೆಗೇ ಬರುತ್ತದೆ. ಹಾಗೆ ನೆನಪಿಟ್ಟುಕೊಳ್ಳಿ.

ಕೇಳುವುದು ಸುಲಭ, ಉತ್ತರ ಹಿಡಿಯುವುದು ಕಷ್ಟ. ಉತ್ತರದಲ್ಲಿ ಬರುವ ಪದಗಳು ಹತ್ತಿಪ್ಪತ್ತು ಇರಬಹುದು ಅಷ್ಟೇ. ‘ಗೋ ಸ್ಟ್ರೇಟ್’ ಎಂದರೆ ನೇರ ಹೋಗಿ. ‘ಟರ್ನ್ ಲೆಫ್ಟ್’, ಎಡಕ್ಕೆ ತಿರುಗಿ. ‘ಟೇಕ್ ದ ಸೆಕೆಂಡ್ ಲೆಫ್ಟ್’ ಎಂದರೆ ಎಡಗಡೆಯ ಮೊದಲ ಗಲ್ಲಿ ಬಿಟ್ಟು ಎರಡನೆಯದು. ‘ಕ್ರಾಸ್ ದ ಬ್ರಿಜ್’, ಸೇತುವೆ ದಾಟಿ. ‘ನೆಕ್ಸ್ಟ್ ಟು’ ಎಂದರೆ ಪಕ್ಕದಲ್ಲೇ. ‘ಆಪೊಸಿಟ್’ ಮತ್ತು ‘ಇನ್ ಫ್ರಂಟ್ ಆಫ್’ ಮಾತ್ರ ಜೋಪಾನ. ಎರಡಕ್ಕೂ ನಾವು ‘ಎದುರು’ ಎನ್ನುತ್ತೇವೆ. ಆಪೊಸಿಟ್ ಎಂದರೆ ರಸ್ತೆ ದಾಟಿ ಆಚೆ ಬದಿ. ಇನ್ ಫ್ರಂಟ್ ಆಫ್ ಎಂದರೆ ಈಚೆ ಬದಿಯಲ್ಲೇ, ಬಾಗಿಲ ಮುಂದೆ. ರಿಕ್ಷಾ ಎಲ್ಲಿ ನಿಂತಿದೆ ಎಂದು ಹುಡುಕುವಾಗ ಈ ವ್ಯತ್ಯಾಸ ಗೊತ್ತಿರಬೇಕು.

ಸಂಖ್ಯೆಗಳ ವಿಷಯವೂ ಹಾಗೆಯೇ. ನವಿ ಮುಂಬಯಿಯಲ್ಲಿ ವಿಳಾಸವೆಲ್ಲ ಸೆಕ್ಟರ್ ಲೆಕ್ಕ. ನೆರೂಲಿನಲ್ಲಿ ಸೆಕ್ಟರ್ 15 ಇದೆ, ಸೆಕ್ಟರ್ 50 ಕೂಡ ಇದೆ. ಫಿಫ್ಟೀನ್, ಫಿಫ್ಟಿ ಫೋನಿನಲ್ಲಿ ಒಂದೇ ರೀತಿ ಕೇಳಿಸುತ್ತವೆ. ‘ಒನ್ ಫೈವ್ ಆರ್ ಫೈವ್ ಝೀರೋ?’ ಎಂದು ಬಿಡಿಸಿ ಕೇಳಿ. ಕೋಪರ್ ಮತ್ತು ಕೋಪರ್‌ಖೈರಣೆಯೂ ಹಾಗೆ. ಮೊದಲನೆಯದು ನಮ್ಮ ಪಕ್ಕದ ಸ್ಟೇಷನ್. ಎರಡನೆಯದು ನವಿ ಮುಂಬಯಿಯಲ್ಲಿದೆ, ಅದಕ್ಕೆ ಠಾಣೆಯಲ್ಲಿ ಇಳಿದು ಟ್ರಾನ್ಸ್-ಹಾರ್ಬರ್ ಲೈನ್ ಹಿಡಿಯಬೇಕು.

ಯಾವ ಉತ್ತರ ಸಿಕ್ಕರೂ ‘ಥ್ಯಾಂಕ್ಯೂ’ ಹೇಳಿ ಕೂಡಲೇ ಹೊರಟುಬಿಡಬೇಡಿ. ಕೇಳಿದ್ದನ್ನು ತಿರುಗಿ ಹೇಳಿ: ‘ಸೋ, ಐ ಟರ್ನ್ ಲೆಫ್ಟ್ ಅಟ್ ದ ಬ್ಯಾಂಕ್. ಈಸ್ ದಟ್ ರೈಟ್?’ ಬ್ಯಾಂಕ್ ಹತ್ತಿರ ಎಡಕ್ಕೆ, ಸರಿ ತಾನೆ? ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಪೂರ್ತಿ ಲೇಖನದಲ್ಲಿ ಒಂದೇ ವಾಕ್ಯ ಬಾಯಿಪಾಠ ಮಾಡುವುದಾದರೆ ಇದನ್ನು ಮಾಡಿ. ಅವರ ವೇಗಕ್ಕೆ ಕಿವಿ ಹೊಂದದಿದ್ದರೆ ‘ಸ್ಲೋಲಿ, ಪ್ಲೀಸ್’ ಎನ್ನಿ. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಕಿವಿಗೆ ಅಭ್ಯಾಸ ಕೊಡಲು ಲೋಕಲ್ ಟ್ರೇನೇ ಸಾಕು. ಡಬ್ಬಿಯೊಳಗೆ ಮುಂದಿನ ಸ್ಟೇಷನ್ನಿನ ಹೆಸರನ್ನು ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಹೇಳುತ್ತಾರೆ. ಮೊದಲಿನದು ಕೇಳಿದ ಕೂಡಲೇ ಇಂಗ್ಲಿಷಿನದು ಏನಿರುತ್ತದೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಿ, ಆಮೇಲೆ ತಾಳೆ ನೋಡಿ. ಫೋನಿನ ಗೂಗಲ್ ಮ್ಯಾಪ್ಸ್ ಧ್ವನಿಯನ್ನು ಇಂಗ್ಲಿಷಿಗೆ ಇಟ್ಟು ಸ್ಟೇಷನ್ನಿನಿಂದ ಮನೆಗೆ ನಡೆಯಿರಿ. ಗೊತ್ತಿರುವ ದಾರಿಯೇ ಆಗಿರಲಿ. ಅದು ‘ಟರ್ನ್ ರೈಟ್’ ಎನ್ನುವ ಹೊತ್ತಿಗೆ ಕಾಲು ತಾನೇ ಬಲಕ್ಕೆ ತಿರುಗಿರುತ್ತದೆ, ಅರ್ಥ ಯಾರೂ ಹೇಳಿಕೊಡಬೇಕಿಲ್ಲ.

ವಯಸ್ಸಾಯಿತು, ಕೆಲಸದ ನಡುವೆ ಹೊತ್ತೆಲ್ಲಿ, ಇನ್ನು ಬರುತ್ತದೆಯೇ ಎಂದು ಕೇಳುವವರಿದ್ದಾರೆ. ಕರಾವಳಿಯಿಂದ ಮುಂಬಯಿಗೆ ಬಂದು ಹೋಟೆಲಿನಲ್ಲಿ ದುಡಿಯುತ್ತಿದ್ದ ಹುಡುಗರು ದಿನವಿಡೀ ನಿಂತು ಕೆಲಸ ಮಾಡಿ ರಾತ್ರಿ ಶಾಲೆಗೆ ಹೋಗುತ್ತಿದ್ದರು. ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿ ಶಾಲೆ, ಬಿಲ್ಲವರ ಅಸೋಸಿಯೇಷನ್‌ನ ಗುರುನಾರಾಯಣ ರಾತ್ರಿ ಶಾಲೆ ಅಂಥವರಿಗಾಗಿಯೇ ನಡೆದವು. ಅಲ್ಲಿ ಓದಿದವರು ಬ್ಯಾಂಕು, ಕೋರ್ಟು, ಕಚೇರಿ ಸೇರಿದರು. ಅವರ ಮುಂದೆ ದಿನಕ್ಕೆ ಅರ್ಧ ಗಂಟೆ ದೊಡ್ಡದಲ್ಲ.

ಖರ್ಚಿನ ಮಾತು. ಇ-ಬಾಲಭಾರತಿ ಜಾಲತಾಣದಲ್ಲಿ ಎಲ್ಲ ಮಾಧ್ಯಮದ ಪುಸ್ತಕಗಳ ಪಿಡಿಎಫ್, ಅಂದರೆ ಫೋನಿನಲ್ಲೇ ಓದಬಹುದಾದ ಪ್ರತಿ, ಪುಕ್ಕಟೆ ಸಿಗುತ್ತದೆ. ತರಗತಿ ಆರಿಸಿ, ಮಾಧ್ಯಮ ಕನ್ನಡ ಎಂದು ಒತ್ತಿ, ಮತ್ತೆ ಇಂಗ್ಲಿಷ್ ಎಂದು ಒತ್ತಿ, ಎರಡನ್ನೂ ಇಳಿಸಿಕೊಳ್ಳಿ. ಅಚ್ಚಿನ ಪುಸ್ತಕ ಬೇಕಾದರೆ ಶಾಲಾ ಪುಸ್ತಕದ ಅಂಗಡಿಯಲ್ಲಿ ಇಂಗ್ಲಿಷಿನದು ಸುಲಭವಾಗಿ ಸಿಕ್ಕೀತು. ಕನ್ನಡದ್ದಕ್ಕೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳ ಮನೆಯಲ್ಲಿ ವಿಚಾರಿಸುವುದೇ ವಾಸಿ. ಬೇರೆ ಇಂಗ್ಲಿಷ್ ಪುಸ್ತಕಗಳನ್ನು ಓದಬೇಕೆನಿಸಿದರೆ ಡೊಂಬಿವಲಿಯಲ್ಲಿ ಪೈ ಫ್ರೆಂಡ್ಸ್ ಲೈಬ್ರರಿ ಇದೆ, ಸದಸ್ಯರಾಗಿ ಎರವಲು ತರಬಹುದು. ಜೊತೆಗೆ ಓದಲು ಯಾರೂ ಇಲ್ಲದಿದ್ದರೆ, ಮಂಜುನಾಥ ವಿದ್ಯಾಲಯ ನಡೆಸುವ ಡೊಂಬಿವಲಿ ಕರ್ನಾಟಕ ಸಂಘದ ಕಾರ್ಯಕ್ರಮಕ್ಕೆ ಹೋಗಿ ನಾಲ್ಕು ಜನರನ್ನು ಮಾತಾಡಿಸಿ ನೋಡಿ. ಇಬ್ಬರಾದರೂ ಸಿಕ್ಕರೆ ಒಬ್ಬರು ದಾರಿ ಕೇಳಿ, ಇನ್ನೊಬ್ಬರು ದಾರಿ ಹೇಳಿ ಆಡಬಹುದು.

ಸರ್ಟಿಫಿಕೇಟ್ ಬೇಕು ಎನ್ನುವವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್ ಇದೆ. ಹತ್ತನೇ ಮಟ್ಟಕ್ಕೆ ಹದಿನಾಲ್ಕು ತುಂಬಿರಬೇಕು, ಮೇಲಿನ ವಯೋಮಿತಿ ಇಲ್ಲ. ಎಲ್ಲ ವಿಷಯ ಕಟ್ಟಬೇಕೆಂದೂ ಇಲ್ಲ. ಇಂಗ್ಲಿಷ್ ಒಂದನ್ನೇ ತೆಗೆದುಕೊಂಡು ಪರೀಕ್ಷೆಗೆ ಕೂರಬಹುದು. ಶುಲ್ಕ ಪ್ರತಿ ಸಲ ಬದಲಾಗುವುದರಿಂದ ಪ್ರವೇಶದ ಹೊತ್ತಿಗೆ ಅವರ ಜಾಲತಾಣದಲ್ಲೇ ನೋಡಿಕೊಳ್ಳಿ.