ಕಾರ್ಬನ್ ಮಾನಾಕ್ಸೈಡ್: ರಕ್ತ ಏನು ಹೇಳುತ್ತೆ?

ಬಾತ್‌ರೂಮಿನ ಕಿಟಕಿ ಮುಚ್ಚಿದೆ, ಗ್ಯಾಸ್ ಗೀಸರ್ ಉರೀತಿದೆ, ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡಿದೆ. ಒಳಗಿದ್ದವರು ತಲೆಸುತ್ತಿ ಬಿದ್ದರು. ಆಸ್ಪತ್ರೆಯಲ್ಲಿ ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿದ್ರೆ ಆಕ್ಸಿಜನ್ ಮಟ್ಟ ಶೇ. 98! ನಂಬಬೇಡಿ. ಕಾರ್ಬನ್ ಮಾನಾಕ್ಸೈಡ್ ಅಂಟಿಕೊಂಡ ಹಿಮೋಗ್ಲೋಬಿನ್ನನ್ನೂ ಅದು ಆಕ್ಸಿಜನ್ ಅಂತಲೇ ಓದುತ್ತೆ.

ಅದಕ್ಕೇ ರಕ್ತ ತೆಗೆದು ಆ ಅಂಟಿಕೊಂಡ ಹಿಮೋಗ್ಲೋಬಿನ್, ಅಂದ್ರೆ ಕಾರ್ಬಾಕ್ಸಿಹಿಮೋಗ್ಲೋಬಿನ್ ಎಷ್ಟಿದೆ ಅಂತ ಅಳೀತಾರೆ. ವಿಷ ಸೇರಿದೆ ಅನ್ನೋದಕ್ಕೆ ಅದು ಸಾಕ್ಷಿ. ಚೇತರಿಕೆ ಹೇಗಿರುತ್ತೆ ಅಂತ ಮಾತ್ರ ಅದರಿಂದ ಗೊತ್ತಾಗಲ್ಲ. ಮಾಸ್ಕಿನಲ್ಲಿ ಶುದ್ಧ ಆಕ್ಸಿಜನ್ ಕೊಟ್ಟರೆ ಸುಮಾರು ಒಂದೂಕಾಲು ಗಂಟೆಯಲ್ಲಿ ಅದರ ಮಟ್ಟ ಅರ್ಧಕ್ಕಿಳಿಯುತ್ತೆ. ಆಂಬುಲೆನ್ಸಿನಲ್ಲೇ ಕೊಟ್ಟಿದ್ದರೆ ಆಸ್ಪತ್ರೆ ಸೇರೋ ಹೊತ್ತಿಗೆ ಅಂಕಿ ಇಳಿದಿರುತ್ತೆ, ದೇಹಕ್ಕೆ ಬಿದ್ದ ಪೆಟ್ಟು ಹಾಗೇ ಇರುತ್ತೆ.

ಆ ಪೆಟ್ಟಿನ ಅಂದಾಜಿಗೆ ಬೇರೆ ಗುರುತುಗಳಿವೆ. ಲ್ಯಾಕ್ಟೇಟ್ ಏರಿದ್ದರೆ, ಜೀವಕೋಶಗಳು ಆಕ್ಸಿಜನ್ ಇಲ್ಲದೆ ಒದ್ದಾಡಿವೆ. ಟ್ರೊಪೊನಿನ್ ಏರಿದ್ದರೆ ಹೃದಯದ ಸ್ನಾಯುವಿಗೆ ಹಾನಿ. ಅಂಥವರಿಗೆ ಮುಂದಿನ ವರ್ಷಗಳಲ್ಲೂ ಅಪಾಯ ಹೆಚ್ಚು. ಮಿದುಳಿಗೆ ಬಿದ್ದ ಪೆಟ್ಟನ್ನ ಅಂದಾಜು ಮಾಡೋದೇ ಕಷ್ಟ. ಮಿದುಳಿನ ಕೋಶಗಳಿಂದ ರಕ್ತಕ್ಕೆ ಸೋರುವ ಎನ್‌ಎಸ್‌ಇ, ಎಸ್‌100ಬಿ ಪ್ರೋಟೀನುಗಳ ಅಧ್ಯಯನ ನಡೀತಿದೆ. ಯಾವ ಗುರುತೂ ತಾನೊಂದೇ ಭವಿಷ್ಯ ಹೇಳುವಷ್ಟು ಗಟ್ಟಿಯಾಗಿಲ್ಲ.

ಹುಷಾರಾಗಿ ಮನೆಗೆ ಬಂದವರಿಗೂ ದಿನಗಳೋ ವಾರಗಳೋ ಕಳೆದ ಮೇಲೆ ಮರೆವು, ನಡಿಗೆಯಲ್ಲಿ ತೊಡಕು, ಸ್ವಭಾವದಲ್ಲಿ ಬದಲಾವಣೆ ಕಾಣಿಸಬಹುದು. ಕಂಡ ದಿನವೇ ನರರೋಗ ತಜ್ಞರ ಹತ್ತಿರ ಕರ್ಕೊಂಡು ಹೋಗಿ. ಹಿಂದೆ ಈ ಅನಿಲ ಸೇವಿಸಿದ್ದರು ಅಂತ ಹೇಳೋದು ಮರೀಬೇಡಿ.