ಮನೆ ಇಲ್ಲದವರ ಹೆಸರು ಯಾವ ಲಿಸ್ಟ್‌ನಲ್ಲಿದೆ?

ಇವತ್ತು ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮಾತು.

ಮನೆ ಇಲ್ಲದವರು ಅಂದ್ರೆ ನಮ್ಮ ಕಣ್ಮುಂದೆ ಬರೋದು ಫ್ಲೈಓವರ್ ಕೆಳಗೆ ಮಲಗಿದವರು. 2011ರ ಜನಗಣತಿಯೂ ಫೆಬ್ರವರಿ 28ರ ರಾತ್ರಿ ಫುಟ್‌ಪಾತ್, ರೈಲ್ವೆ ಪ್ಲಾಟ್‌ಫಾರ್ಮ್, ಗುಡಿ ಅಂಗಳದಲ್ಲಿ ಇದ್ದವರನ್ನೇ ಎಣಿಸಿತು. ಹಳ್ಳಿಯಲ್ಲಿ ಇದು ಅಷ್ಟು ಸುಲಭಕ್ಕೆ ಕಾಣಲ್ಲ.

ಒಂದು ತಾಂಡಾ ಅಂದ್ಕೊಳ್ಳಿ. ಕುಟುಂಬ ದುಡಿಯೋಕೆ ಪುಣೆಗೆ ಹೋಗಿದೆ, ಅಲ್ಲಿ ಕಟ್ಟಡದ ಪಕ್ಕದ ಶೆಡ್ಡೇ ಮನೆ. ಊರಲ್ಲಿ ತಗಡಿನ ಗುಡಿಸಲಿಗೆ ಬೀಗ. ಸರ್ವೆಯವರು ಬಂದು, ಬೀಗ ನೋಡಿ ಮುಂದೆ ಹೋಗ್ತಾರೆ. ಪುಣೆಯ ಲೆಕ್ಕದಲ್ಲೂ ಇಲ್ಲ, ಊರಿನ ಲೆಕ್ಕದಲ್ಲೂ ಇಲ್ಲ!

ಇದು ಯಾಕೆ ಮುಖ್ಯ? ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ ಶುರುವಾಗಿದ್ದೇ 2011ರ ಸಾಮಾಜಿಕ-ಆರ್ಥಿಕ ಗಣತಿಯ ಪಟ್ಟಿ ಹಿಡಿದು. ಬಿಟ್ಟುಹೋದವರಿಗಾಗಿ 2018ರಲ್ಲಿ ಆವಾಸ್ ಪ್ಲಸ್ ಸರ್ವೆ ಬಂತು. ಪಟ್ಟಿಯಲ್ಲಿ ಹೆಸರಿದ್ರೆ ಮುಂದಿನದು ಸಲೀಸು: ಆವಾಸ್‌ಸಾಫ್ಟ್‌ಗೆ ಜಿಯೋಟ್ಯಾಗ್ ಫೋಟೋ ಏರಿದಂತೆ ಕಂತು ಬ್ಯಾಂಕ್ ಖಾತೆಗೆ ಬರುತ್ತೆ. ನರೇಗಾ ಡೇಟಾಕ್ಕೂ ಕೊಂಡಿ ಇತ್ತು, ಸ್ವಂತ ಮನೆ ಕಟ್ಟೋಕೆ 90 ದಿನದ ಕೂಲಿ ಅದರಿಂದ ಸಿಗ್ತಿತ್ತು. ಸಿಸ್ಟಮ್‌ಗಳು ಮಾತಾಡಿಕೊಂಡ್ರೆ ಏನಾಗುತ್ತೆ ಅನ್ನೋಕೆ ಇದೇ ಒಳ್ಳೇ ಉದಾಹರಣೆ.

ಮಾತಾಡದಿದ್ರೆ? ಬಸವ ವಸತಿಯಂಥ ರಾಜ್ಯದ ಯೋಜನೆಗಳನ್ನ ನೋಡಿಕೊಳ್ಳೋದು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ, ಅದರ ಸಾಫ್ಟ್‌ವೇರೇ ಬೇರೆ. ಅಲ್ಲಿ ಜಾಗದ ದಾಖಲೆ ಕೇಳ್ತಾರೆ. ಆದ್ರೆ ಎಷ್ಟೋ ತಾಂಡಾಗಳು ಕಂದಾಯ ದಾಖಲೆಯಲ್ಲೇ ಇರಲಿಲ್ಲ. ಕಲಬುರಗಿ ಸೇರಿ 5 ಜಿಲ್ಲೆಗಳ ಸುಮಾರು 1,475 ಜನವಸತಿಗಳನ್ನ ಕಂದಾಯ ಗ್ರಾಮ ಅಂತ ಘೋಷಿಸಿ, 50,000ಕ್ಕೂ ಹೆಚ್ಚು ಜನರಿಗೆ ಹಕ್ಕುಪತ್ರ ಕೊಡೋಕೆ ಶುರು ಮಾಡಿದ್ದು 2023ರ ಜನವರಿ 19ರಂದು, ಮಳಖೇಡದಲ್ಲಿ. ಅಲ್ಲೀವರೆಗೆ ಅವರು ವಾಸವಿದ್ದ ಜಾಗವೇ ಡೇಟಾದಲ್ಲಿ ಇರಲಿಲ್ಲ ಅಂದ್ರೆ ನಂಬ್ತೀರಾ?

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ಹಳ್ಳಿಗಳಿಗೆ ನುಗ್ಗಿದ್ದು ನೆನಪಿರಬೇಕು. ಬಿದ್ದ ಮನೆಯ ಹಾನಿ ಬರೆಯೋದು ಕಂದಾಯದವರು, ಮರುನಿರ್ಮಾಣದ ಕಂತು ನೋಡೋದು ವಸತಿ ನಿಗಮ. ನಡುವೆ ಒಂದು ಎಂಟ್ರಿ ತಪ್ಪಿದ್ರೂ ಪರದಾಟ ಮನೆಯವರದ್ದೇ.

ಈಗ ರಾಜ್ಯದ 'ಕುಟುಂಬ' ವ್ಯವಸ್ಥೆ ಇಲಾಖೆಗಳ ಮಾಹಿತಿಯನ್ನ ಒಂದೇ ಕಡೆ ಜೋಡಿಸುತ್ತೆ. ನನಗೆ ಅನ್ನಿಸೋದು, ದಾರಿ ಸರಿ ಇದೆ. ಆದ್ರೆ ಅದರ ಅಡಿಪಾಯ ರೇಷನ್ ಕಾರ್ಡ್. ಕಾರ್ಡೇ ಇಲ್ಲದವರು, ಆಧಾರ್‌ನಲ್ಲಿ ರಾಠೋಡ ಅಂತಿದ್ದು ಕಾರ್ಡಿನಲ್ಲಿ ರಾಠೋಡ್ ಅಂತಾದವರು, ಇಲ್ಲೂ ಸಿಕ್ಕಿಹಾಕಿಕೊಳ್ತಾರೆ.

ಹಾಗಾಗಿ ಊರಿಗೆ ಹೋದಾಗ ಮನೆಯವರ ಆಧಾರ್, ರೇಷನ್ ಕಾರ್ಡ್ ಹೆಸರು ಹೊಂದುತ್ತಾ ನೋಡಿ. ಗ್ರಾಮಸಭೆಯಲ್ಲಿ ವಸತಿ ಪಟ್ಟಿ ಓದೋಕೆ ಹೇಳಿ. ದುಡಿಯೋಕೆ ಹೋದ ಪಕ್ಕದ ಮನೆಯವರ ಹೆಸರನ್ನೂ ಅಲ್ಲೇ ಕೇಳಿ.